ಅಂಟಿಸಿದ ಊರು, ಉಜ್ಜಿ ತೆಗೆದ ಊರು: ಮಾರ್ಕ್ ಬ್ರಾಡ್‌ಫರ್ಡ್ ಅವರ ಅಮೂರ್ತ ಚಿತ್ರಗಳನ್ನು ನೋಡುವ ಬಗೆ

ಕೂದಲನ್ನು ಸುರುಳಿಯಾಗಿಸಲು ಪರ್ಮ್ ಮಾಡುವಾಗ ಅದರ ತುದಿಗಳು ಮುದುರಿ ಹಾಳಾಗದಂತೆ ಸುತ್ತುವ ಒಂದು ತೆಳು ಕಾಗದವಿದೆ. ಬ್ಯೂಟಿ ಪಾರ್ಲರಿನವರು ಅದನ್ನು ಎಂಡ್ ಪೇಪರ್ ಎನ್ನುತ್ತಾರೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಆಯತ. ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಮಸುಕಾಗಿ ಕಾಣುತ್ತದೆ. ಒದ್ದೆಯಾದರೂ ಬೇಗ ಹರಿಯುವುದಿಲ್ಲ. ಪೆಟ್ಟಿಗೆ ತುಂಬ ಕೊಂಡರೂ ಹೆಚ್ಚು ಬೆಲೆಯಾಗುವುದಿಲ್ಲ. 2000ದ ಸುಮಾರಿಗೆ ಲಾಸ್ ಏಂಜಲೀಸ್ ನಗರದಲ್ಲಿ, ತಾಯಿ ನಡೆಸುತ್ತಿದ್ದ ಸಲೂನಿನಲ್ಲಿ ಕೂದಲು ಕತ್ತರಿಸಿ ಸಿಂಗರಿಸುವ ಕೆಲಸ ಮಾಡುತ್ತಿದ್ದ ಮಾರ್ಕ್ ಬ್ರಾಡ್‌ಫರ್ಡ್, ಈ ಕಾಗದದ ಅಂಚುಗಳನ್ನು ಬೆಂಕಿಗೆ ಹಿಡಿದು ಕಪ್ಪಾಗಿಸಿ, ಒಂದರ ಪಕ್ಕ ಒಂದನ್ನು ಸಾಲಾಗಿ ಅಂಟಿಸತೊಡಗಿದರು. ಅಂಟಿಸಲು ದುಬಾರಿ ಕ್ಯಾನ್ವಾಸ್ ಇಲ್ಲದಾಗ ಹಾಸಿಗೆಯ ಹೊದಿಕೆಯ ಬಟ್ಟೆಯನ್ನು ಬಳಸಿದರು. ಸುಟ್ಟ ಅಂಚು ಪ್ರತಿ ಹಾಳೆಯ ಸುತ್ತ ಒಂದು ಸಣ್ಣ ಕಪ್ಪು ಗೆರೆಯಾಯಿತು. ಸಾವಿರಾರು ಹಾಳೆಗಳ ಗೆರೆಗಳು ಕೂಡಿ, ಅಳತೆಪಟ್ಟಿ ಹಿಡಿಯದ ಕೈಯ ನಡುಕವನ್ನು ಉಳಿಸಿಕೊಂಡ ದೊಡ್ಡ ಚೌಕುಳಿಯಾದವು. ದೂರದಿಂದ ನೋಡಿದರೆ ಅದು ನೂರಾರು ಕಿಟಕಿಗಳ ಕಟ್ಟಡದಂತೆಯೂ ಇದೆ, ಎತ್ತರದಿಂದ ಕಂಡ ಬಡಾವಣೆಯ ಸೈಟುಗಳಂತೆಯೂ ಇದೆ. ಹತ್ತಿರ ಹೋದರೆ ಮಾತ್ರ ಅದು ಯಾವುದೋ ಹೆಂಗಸಿನ ತಲೆಗೂದಲಿಗೆ ಸುತ್ತಬೇಕಾಗಿದ್ದ ಕಾಗದ ಎಂದು ತಿಳಿಯುತ್ತದೆ.

ಆ ಚಿತ್ರಗಳು 2001ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಸ್ಟುಡಿಯೋ ಮ್ಯೂಸಿಯಂನ 'ಫ್ರೀಸ್ಟೈಲ್' ಪ್ರದರ್ಶನಕ್ಕೆ ಆಯ್ಕೆಯಾದವು. ಥೆಲ್ಮಾ ಗೋಲ್ಡನ್ ರೂಪಿಸಿದ, 28 ಕಲಾವಿದರ ಆ ಪ್ರದರ್ಶನದಿಂದಾಚೆಗೆ ಬ್ರಾಡ್‌ಫರ್ಡ್ ಹಿಂದಿರುಗಿ ನೋಡಲಿಲ್ಲ. ಇಂದು ಅವರು ಅಮೆರಿಕದ ಪ್ರಮುಖ ಅಮೂರ್ತ ಚಿತ್ರಕಾರರಲ್ಲೊಬ್ಬರು. 2017ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲಿ ತಮ್ಮ ದೇಶವನ್ನು ಪ್ರತಿನಿಧಿಸಿದವರು. ಆದರೂ ಅವರ ಚಿತ್ರದ ಮುಂದೆ ಮೊದಲ ಸಲ ನಿಂತವರಿಗೆ ಏಳುವ ಪ್ರಶ್ನೆ ನ್ಯಾಯವಾದದ್ದೇ. ಇದರಲ್ಲಿ ಮನೆಯಿಲ್ಲ, ಮನುಷ್ಯರಿಲ್ಲ, ರಸ್ತೆಯೆಂದು ಬೆರಳಿಟ್ಟು ತೋರಿಸಬಹುದಾದ ರಸ್ತೆಯೂ ಇಲ್ಲ. ಹೀಗಿರುವಾಗ ಈ ಚಿತ್ರ ನಗರದ ಕುರಿತದ್ದು ಎಂದು ಹೇಗೆ ಒಪ್ಪುವುದು? ಏನನ್ನೂ ಹೋಲದ ಚಿತ್ರ ಏನನ್ನಾದರೂ ಹೇಳುವುದು ಸಾಧ್ಯವೇ?

ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ 'ಹೋಲಿಕೆ' ಮತ್ತು 'ಗುರುತು' ಎಂಬ ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳಬೇಕು. ಮನುಷ್ಯನ ಭಾವಚಿತ್ರ ಅವನನ್ನು ಹೋಲುತ್ತದೆ. ಒದ್ದೆ ಮಣ್ಣಿನಲ್ಲಿ ಮೂಡಿದ ಹೆಜ್ಜೆ ಅವನ ಮುಖವನ್ನು ಹೋಲುವುದಿಲ್ಲ, ಆದರೆ ಅವನು ಆ ದಾರಿಯಲ್ಲಿ ನಡೆದದ್ದಕ್ಕೆ, ಯಾವ ಕಡೆ ಹೋದ, ಎಷ್ಟು ಭಾರ ಹೊತ್ತಿದ್ದ ಎಂಬುದಕ್ಕೆಲ್ಲ ಅದೇ ಸಾಕ್ಷಿ. ನಗರವನ್ನು ಚಿತ್ರಿಸಿದ ಬಹುಪಾಲು ಕಲಾವಿದರು ಹೋಲಿಕೆಯ ದಾರಿ ಹಿಡಿದವರು, ಅವರಲ್ಲಿ ಅಮೂರ್ತ ಚಿತ್ರಕಾರರೂ ಸೇರಿದ್ದಾರೆ. 1940ರಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಡಚ್ ಕಲಾವಿದ ಪಿಯೆಟ್ ಮೊಂಡ್ರಿಯನ್, 1942–43ರಲ್ಲಿ ಬರೆದ 'ಬ್ರಾಡ್‌ವೇ ಬೂಗಿ ವೂಗಿ' ಎಂಬ ಚಿತ್ರದಲ್ಲಿ ಹಳದಿ ಪಟ್ಟಿಗಳನ್ನು ಅಡ್ಡಡ್ಡ ಉದ್ದುದ್ದ ಎಳೆದು, ಅವುಗಳ ಮೇಲೆ ಕೆಂಪು, ನೀಲಿ, ಬೂದು ಬಣ್ಣದ ಚಿಕ್ಕ ಚೌಕಗಳನ್ನು ಕೂರಿಸಿದರು. ಅದರಲ್ಲಿಯೂ ಕಟ್ಟಡವಿಲ್ಲ, ಕಾರಿಲ್ಲ. ಆದರೆ ಮ್ಯಾನ್‌ಹಟನ್ನಿನ ನೇರ ಬೀದಿಗಳ ಚೌಕುಳಿ, ದೀಪಗಳ ಮಿನುಗು, ಸಂಗೀತದ ತಾಳ ಇವೆಲ್ಲವನ್ನೂ ಕಣ್ಣು ಗುರುತಿಸುತ್ತದೆ. ಮೊಂಡ್ರಿಯನ್ ಊರನ್ನು ನೋಡಿದರು, ಅದರ ಲಯವನ್ನು ಹಿಡಿದರು, ಬಣ್ಣದಲ್ಲಿ ಮರಳಿ ನುಡಿಸಿದರು. ಬ್ರಾಡ್‌ಫರ್ಡ್ ಹಿಡಿದದ್ದು ಗುರುತಿನ ದಾರಿ. ಅವರು ಊರಿನ ಗೋಡೆಯಿಂದ ಕಾಗದವನ್ನೇ ಕಿತ್ತು ತಂದು ಕ್ಯಾನ್ವಾಸಿಗೆ ಅಂಟಿಸುತ್ತಾರೆ. ಅವರ ಚಿತ್ರದಲ್ಲಿ ಕಾಣುವ ಬಣ್ಣದ ಬಹುಭಾಗ ಟ್ಯೂಬಿನಿಂದ ಬಂದದ್ದಲ್ಲ, ಮುದ್ರಣಾಲಯದಲ್ಲಿ ಜಾಹೀರಾತಿನ ಹಾಳೆಯ ಮೇಲೆ ಬಿದ್ದ ಶಾಯಿ. ಕುಂಚವನ್ನು ಅಪರೂಪಕ್ಕೆ ಮುಟ್ಟಿದರೂ ಅವರು ಇವುಗಳನ್ನು ಚಿತ್ರಗಳೆಂದೇ ಕರೆಯುತ್ತಾರೆ, ಅದರಲ್ಲಿ ಹಟವೂ ಇದೆ, ಅರ್ಥವೂ ಇದೆ.

ಬ್ರಾಡ್‌ಫರ್ಡ್ ಹುಟ್ಟಿದ್ದು 1961ರಲ್ಲಿ, ಲಾಸ್ ಏಂಜಲೀಸ್‌ನಲ್ಲಿಯೇ. ತಾಯಿಯ ಸಲೂನು ಇದ್ದದ್ದು ಆ ನಗರದ ದಕ್ಷಿಣ ಭಾಗದಲ್ಲಿ, ಕಪ್ಪು ಜನರ ಸಾಂಸ್ಕೃತಿಕ ಕೇಂದ್ರವೆಂದು ಹೆಸರಾದ ಲೈಮರ್ಟ್ ಪಾರ್ಕ್ ಬಡಾವಣೆಯಲ್ಲಿ. ಓದು ಮುಗಿಸಿ ನೇರವಾಗಿ ಕಲಾಶಾಲೆಗೆ ಹೋದವರಲ್ಲ ಅವರು. ಇಪ್ಪತ್ತರ ಹರೆಯವೆಲ್ಲ ಸಲೂನಿನ ದುಡಿಮೆಯಲ್ಲಿ, ನಡುನಡುವೆ ಯೂರೋಪಿನ ತಿರುಗಾಟದಲ್ಲಿ ಕಳೆಯಿತು. ಏಡ್ಸ್ ರೋಗ ಅವರ ಸುತ್ತಲಿನವರನ್ನು ಒಬ್ಬೊಬ್ಬರನ್ನಾಗಿ ಕೊಂಡೊಯ್ದ ಕಾಲ ಅದು. ಮೂವತ್ತರ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್ ಸೇರಿ, 1995ರಲ್ಲಿ ಪದವಿಯನ್ನೂ 1997ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಪದವಿ ಬಂದ ಮೇಲೂ ಸಲೂನಿನ ಕೆಲಸ ಬಿಡಲಿಲ್ಲ. ಈ ವಿವರಗಳನ್ನು ಹೇಳಲು ಕಾರಣವಿದೆ. ಕಲಾಶಾಲೆಯಲ್ಲಿ ಅವರು ಕಲಿತದ್ದು ಚೌಕುಳಿ, ಮೇಲ್ಮೈ, ಪುನರಾವರ್ತನೆ ಎಂಬ ಆಧುನಿಕ ಕಲೆಯ ವ್ಯಾಕರಣ. ಸಲೂನಿನಲ್ಲಿ ಕಲಿತದ್ದು ಒಂದೇ ಕೆಲಸವನ್ನು ದಿನಕ್ಕೆ ನೂರು ಸಲ ಮಾಡುವ ಕೈಯ ತಾಳ್ಮೆ ಮತ್ತು ಕೂತು ಮಾತಾಡುವ ಹೆಂಗಸರ ಬದುಕು. ಎಂಡ್ ಪೇಪರ್ ಇವೆರಡನ್ನೂ ಒಂದೇ ಹಾಳೆಯಲ್ಲಿ ಸೇರಿಸಿತು. ಮೊದಲ ನೋಟಕ್ಕೆ ಅದು ಭಾವವಿಲ್ಲದ ಶುದ್ಧ ಚೌಕುಳಿ, ಒಳಗೆ ಅದು ಒಂದು ಕೇರಿಯ ದುಡಿಮೆ.

ಆಮೇಲೆ ಅವರು ಸಲೂನಿನ ಬಾಗಿಲು ದಾಟಿ ಬೀದಿಗೆ ಬಂದರು. ಅಲ್ಲಿ ಸಿಕ್ಕಿದ್ದು 'ಮರ್ಚೆಂಟ್ ಪೋಸ್ಟರ್' ಎಂದು ಅವರೇ ಕರೆಯುವ, ಚಿಕ್ಕಪುಟ್ಟ ವ್ಯಾಪಾರಿಗಳು ಅಂಟಿಸುವ ಜಾಹೀರಾತುಗಳು. ಇವು ಏನೆಂದು ತಿಳಿಯಲು ನಮಗೆ ಬಹಳ ದೂರ ಹೋಗಬೇಕಿಲ್ಲ. ನಮ್ಮ ಯಾವುದೇ ಊರಿನ ಬಸ್ ನಿಲ್ದಾಣದ ಪಕ್ಕದ ಗೋಡೆಯಲ್ಲಿ ಮೈದಾ ಅಂಟು ಹಚ್ಚಿದ ಸಿನಿಮಾ ಪೋಸ್ಟರಿನ ಮೇಲೆ ಚುನಾವಣೆಯದು, ಅದರ ಮೇಲೆ ಟ್ಯೂಷನ್ನಿನದು, ಅದರ ಮೇಲೆ ಪೈಲ್ಸ್ ಚಿಕಿತ್ಸೆಯದು ಕೂತಿರುತ್ತದೆ. ಎರಡು ಮಳೆ ಹೊಡೆದ ಮೇಲೆ ಆ ಇಡೀ ದಪ್ಪ ರಟ್ಟಿನಂತೆ ಗೋಡೆಯಿಂದ ಏಳುತ್ತದೆ. ಹರಿದ ಮೂಲೆಯಲ್ಲಿ ನಾಯಕನ ಅರ್ಧ ಕಣ್ಣು, ಅದರ ಪಕ್ಕಕ್ಕೆ ಯಾರದೋ ಫೋನ್ ನಂಬರಿನ ನಾಲ್ಕು ಅಂಕಿ. ದಕ್ಷಿಣ ಲಾಸ್ ಏಂಜಲೀಸ್‌ನ ಪೋಸ್ಟರುಗಳು ಮಾರುತ್ತಿದ್ದದ್ದು ಬೇರೆ ಸರಕನ್ನು. ಸಾಲದಿಂದ ಬಿಡುಗಡೆ, ಮಗುವಿನ ತಂದೆ ಯಾರೆಂದು ತಿಳಿಸುವ ಡಿಎನ್‌ಎ ಪರೀಕ್ಷೆ, ವಲಸಿಗರ ಕಾಗದಪತ್ರದ ನೆರವು, ಜೈಲಿನಲ್ಲಿರುವವರಿಗೆ ಅಗ್ಗದ ಫೋನ್ ಕರೆ, ಮನೆಯನ್ನು ಕೂಡಲೇ ನಗದಿಗೆ ಕೊಳ್ಳುತ್ತೇವೆಂಬ ಕರೆ. ದೊಡ್ಡ ಕಂಪನಿಯ ಜಾಹೀರಾತು ಇಡೀ ದೇಶಕ್ಕೆ ಒಂದೇ ಕನಸನ್ನು ತೋರಿಸುತ್ತದೆ. ಈ ಪುಟ್ಟ ಪೋಸ್ಟರು ಆ ಒಂದು ಬೀದಿಯ ಜನಕ್ಕೆ ಈ ತಿಂಗಳು ಯಾವುದರ ಚಿಂತೆ ಎಂಬುದನ್ನು ಬಲ್ಲದು. ಜನಗಣತಿಯ ಅಂಕಿಗಳಿಗಿಂತ ಇವುಗಳನ್ನು ಓದಿ ಒಂದು ಕೇರಿಯ ಸ್ಥಿತಿಯನ್ನು ಬೇಗ ಅರಿಯಬಹುದು ಎಂದು ನನಗನ್ನಿಸುತ್ತದೆ.

ಈ ಪೋಸ್ಟರುಗಳಿಗೆ ಅಲ್ಲಿ ಜಾಗ ಸಿಕ್ಕಿದ ಬಗೆಯಲ್ಲೂ ಒಂದು ಚರಿತ್ರೆಯಿದೆ. ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ರಸ್ತೆಯಲ್ಲಿ ಥಳಿಸಿದ ಪೊಲೀಸರನ್ನು ರಾಜ್ಯ ನ್ಯಾಯಾಲಯದ ಜ್ಯೂರಿ ತಪ್ಪಿತಸ್ಥರೆಂದು ಹೇಳದೆ ಬಿಟ್ಟದ್ದು 1992ರ ಏಪ್ರಿಲ್ 29ರಂದು. ಅಂದು ಹೊತ್ತಿದ ಗಲಭೆಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು, ಅಂಗಡಿಮುಂಗಟ್ಟುಗಳು ಸಾಲುಸಾಲಾಗಿ ಸುಟ್ಟವು. ಸುಟ್ಟ ಕಟ್ಟಡಗಳನ್ನು ಕೆಡವಿದ ಮೇಲೆ ಉಳಿದ ಬಯಲು ನಿವೇಶನಗಳ ಸುತ್ತ ತಂತಿಬೇಲಿಯೂ ಪ್ಲೈವುಡ್ ಹಲಗೆಗಳೂ ಬಂದವು. ಕೆಲವು ನಿವೇಶನಗಳಲ್ಲಿ ವರ್ಷಗಟ್ಟಲೆ ಏನೂ ಏಳಲಿಲ್ಲ. ಆ ಬೇಲಿ, ಆ ಹಲಗೆಗಳೇ ಪೋಸ್ಟರಿನ ಗೋಡೆಗಳಾದವು. ಹಾಗಾಗಿ ಬ್ರಾಡ್‌ಫರ್ಡ್ ಕಿತ್ತು ತರುವ ಹಾಳೆಯ ಮುಂಬದಿಯಲ್ಲಿ ಇವತ್ತಿನ ಬಡತನದ ಮಾತಿದ್ದರೆ, ಅದು ಅಂಟಿಕೊಂಡಿದ್ದ ಬೆನ್ನಿನ ಕಡೆಗೆ ಹಿಂದಿನ ಬೆಂಕಿಯಿದೆ. ಹಾಳೆ ಎರಡನ್ನೂ ಹೊತ್ತು ಸ್ಟುಡಿಯೋಗೆ ಬರುತ್ತದೆ.

ಇನ್ನು ಮಾಡುವ ಕ್ರಮ. ಕ್ಯಾನ್ವಾಸಿನ ಮೇಲೆ ಮೊದಲು ಹುರಿ ಅಥವಾ ಹಗ್ಗವನ್ನು ಗೆರೆಗಳ ಹಾಗೆ ಅಂಟಿಸಿಕೊಳ್ಳುತ್ತಾರೆ, ಎಷ್ಟೋ ಸಲ ಅದು ಯಾವುದೋ ಬೀದಿಗಳ ನಕ್ಷೆ. ಅದರ ಮೇಲೆ ಬಿಲ್‌ಬೋರ್ಡಿನ ಕಾಗದ, ಮರ್ಚೆಂಟ್ ಪೋಸ್ಟರು, ಪತ್ರಿಕೆಯ ಹಾಳೆ, ಬಣ್ಣದ ಕಾಗದ, ಹೀಗೆ ಪದರದ ಮೇಲೆ ಪದರ ಏರುತ್ತಾ ಹೋಗುತ್ತದೆ. ಇಷ್ಟು ಆಗುವ ಹೊತ್ತಿಗೆ ಕ್ಯಾನ್ವಾಸು ಬಟ್ಟೆಯ ಗುಣ ಕಳೆದುಕೊಂಡು ತೊಗಲಿನಂತೆ ಬಿಗಿದಿರುತ್ತದೆ. ಆಗ ಬಡಗಿಗಳು ಮರ ಉಜ್ಜಲು ಬಳಸುವ ವಿದ್ಯುತ್ ಸ್ಯಾಂಡರನ್ನು ಅದರ ಮೇಲೆ ಹಾಯಿಸುತ್ತಾರೆ. ಹಬ್ಬಕ್ಕೊಮ್ಮೆ ಸುಣ್ಣಬಣ್ಣ ಕಂಡ ಹಳೆಯ ಮನೆಯ ಗೋಡೆಯಲ್ಲಿ ಚಕ್ಕೆ ಎದ್ದ ಕಡೆ, ಮೇಲಿನ ತಿಳಿಹಸಿರಿನ ಕೆಳಗೆ ನೀಲಿ, ಅದರ ಕೆಳಗೆ ಕಾವಿ ಕಾಣಿಸುವಂತೆ, ಇಲ್ಲಿಯೂ ಒತ್ತಿದಷ್ಟು ಆಳದ ಬಣ್ಣ ಮೇಲೆ ಬರುತ್ತದೆ. ಅಡಿಯಲ್ಲಿ ಹುರಿ ಇದ್ದ ಕಡೆ ಮೇಲ್ಮೈ ಸ್ವಲ್ಪ ಉಬ್ಬಿರುವುದರಿಂದ ಯಂತ್ರ ಮೊದಲು ತಿನ್ನುವುದು ಆ ಉಬ್ಬನ್ನೇ. ಹೀಗಾಗಿ ಯಾರೂ ಎಳೆಯದ ಗೆರೆಯೊಂದು ಸವೆತದಿಂದಲೇ ಮೂಡುತ್ತದೆ. ಕೆಲವು ಕಡೆ ಹುರಿಯನ್ನು ಹಿಡಿದು ಜಗ್ಗಿ ಕೀಳುತ್ತಾರೆ. ಅದು ತನ್ನ ಮೇಲಿದ್ದ ಹತ್ತಾರು ಪದರಗಳನ್ನು ಸೀಳಿಕೊಂಡು ಬರುತ್ತದೆ, ಹಿಂದೆ ಉಳಿಯುವುದು ಕಾಲುವೆಯಂಥ ಒಂದು ಹರಕು. ಬ್ಲೀಚ್ ಚೆಲ್ಲಿ ಶಾಯಿಯನ್ನು ತೊಳೆಯುವುದೂ ಉಂಟು, ಮತ್ತೆ ಅಂಟಿಸಿ ಮತ್ತೆ ಉಜ್ಜುವುದೂ ಉಂಟು. ಈ ಹತಾರಗಳೆಲ್ಲ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವಂಥವು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಕಲಾವಿದನ ಅಂಕೆಯ ಮಿತಿ. ಯಾವ ಹಾಳೆಯ ಕೆಳಗೆ ಯಾವುದಿದೆ ಎಂಬುದು ಬ್ರಾಡ್‌ಫರ್ಡ್ ಅವರಿಗೆ ಸ್ಥೂಲವಾಗಿ ನೆನಪಿರಬಹುದು, ಆದರೆ ಎಲ್ಲಿ ಯಾವ ಅಕ್ಷರದ ತುಂಡು ಉಳಿಯುತ್ತದೆ, ಎಲ್ಲಿ ಎಲ್ಲವೂ ಸವೆದು ಬಿಳಿಯ ಕ್ಯಾನ್ವಾಸು ಇಣುಕುತ್ತದೆ ಎಂಬುದು ಕಾಗದ ಮತ್ತು ಯಂತ್ರದ ನಡುವಿನ ವ್ಯವಹಾರ. ಊರುಗಳು ಬದಲಾಗುವುದೂ ಹೀಗೆಯೇ. ಯೋಜನೆ ಹಾಕಿದವನೊಬ್ಬ, ಕಟ್ಟಿದವನೊಬ್ಬ, ಕೆಡವಿದವನು ಇನ್ನೊಬ್ಬ. ಉಳಿದು ಬಂದದ್ದು ಯಾರೂ ಒಂದೇ ಮನಸ್ಸಿನಿಂದ ಬಯಸಿದ್ದಲ್ಲ. ಕುಂಚದಿಂದ ಬರೆದ ಚಿತ್ರದಲ್ಲಿ ಕೊನೆಯ ಬಣ್ಣವೇ ಕಣ್ಣಿಗೆ ಕಾಣುವುದು. ಉಜ್ಜಿ ತೆಗೆದ ಚಿತ್ರದಲ್ಲಾದರೋ ನಿನ್ನೆಯದೂ ಹೋದ ವರ್ಷದ್ದೂ ಒಂದೇ ಮಟ್ಟಕ್ಕೆ ಬಂದು ಅಕ್ಕಪಕ್ಕ ನಿಲ್ಲುತ್ತವೆ. ಕಾಲವನ್ನು ಹೀಗೆ ಮಗ್ಗುಲಿಗೆ ಮಲಗಿಸಿ ತೋರಿಸುವುದು ನೋಟವನ್ನು ಹೋಲುವ ಚಿತ್ರಕ್ಕೆ ಕಷ್ಟ.

ಬೀದಿಯ ಕಾಗದವನ್ನು ಕಲೆಗೆ ತಂದವರಲ್ಲಿ ಬ್ರಾಡ್‌ಫರ್ಡ್ ಮೊದಲಿಗರಲ್ಲ. 1912ರಲ್ಲಿಯೇ ಪಿಕಾಸೊ ಮತ್ತು ಬ್ರಾಕ್ ಚಿತ್ರದೊಳಗೆ ಕಾಗದ ಅಂಟಿಸಿದ್ದರು. ಜರ್ಮನಿಯ ಹ್ಯಾನೋವರ್‌ನಲ್ಲಿ ಕರ್ಟ್ ಶ್ವಿಟರ್ಸ್ 1919ರಿಂದ ಟ್ರಾಮ್ ಟಿಕೆಟ್ಟು, ಲೇಬಲ್ಲು, ರದ್ದಿ ಕಾಗದಗಳಿಂದ ಮಾಡಿದ ಕೃತಿಗಳಿಗೆ 'ಮೆರ್ಜ್' ಎಂದು ಹೆಸರಿಟ್ಟರು. ಆ ಹೆಸರೂ ಒಂದು ಬ್ಯಾಂಕಿನ ಜಾಹೀರಾತಿನ 'ಕೊಮರ್ಜ್' ಎಂಬ ಪದ ಹರಿದು ಉಳಿದ ಚೂರು. 1949ರಲ್ಲಿ ಫ್ರಾನ್ಸಿನ ರೇಮಂಡ್ ಹ್ಯಾನ್ಸ್ ಮತ್ತು ಜಾಕ್ ವಿಲ್‌ಗ್ಲೆ ಪ್ಯಾರಿಸ್ಸಿನ ಗೋಡೆಗಳಿಂದ ಹರಿದ ಪೋಸ್ಟರುಗಳ ಪದರವನ್ನೇ ಕಿತ್ತು ತಂದು ಕೃತಿಯೆಂದು ತೂಗುಹಾಕಲಾರಂಭಿಸಿದರು. ಅಂಟಿಸುವ ಕೊಲಾಜಿಗೆ ಎದುರಾದ, ಕೀಳುವ ಈ ವಿಧಾನಕ್ಕೆ ಡೆಕೊಲಾಜ್ ಎಂಬ ಹೆಸರು ನಿಂತಿತು. ಬ್ರಾಡ್‌ಫರ್ಡ್ ಅವರ ವಿಧಾನ ಇದರ ಮಗ್ಗುಲಿಗೇ ಇದೆ, ಆದರೂ ವ್ಯತ್ಯಾಸ ಸಣ್ಣದಲ್ಲ. ಫ್ರೆಂಚ್ ಕಲಾವಿದರು ದಾರಿಹೋಕರ ಕೈಗಳು ಹರಿದಿಟ್ಟದ್ದನ್ನು ಆಯ್ದರು. ಬ್ರಾಡ್‌ಫರ್ಡ್ ಪದರಗಳನ್ನು ತಾವೇ ಕಟ್ಟಿ, ತಾವೇ ಕೀಳುತ್ತಾರೆ. ಊರನ್ನು ಕಟ್ಟುವ ಕೆಲಸದಲ್ಲೂ ಕೆಡವುವ ಕೆಲಸದಲ್ಲೂ ಕೈ ಹಾಕುತ್ತಾರೆ.

ಅವರು ಹೆಚ್ಚು ಆಳವಾಗಿ ಜಗಳವಾಡುವುದು ಅಮೆರಿಕದ್ದೇ ಆದ ಒಂದು ಪರಂಪರೆಯೊಡನೆ. 1940, 50ರ ದಶಕಗಳಲ್ಲಿ ಜಾಕ್ಸನ್ ಪೊಲಾಕ್, ಮಾರ್ಕ್ ರಾತ್ಕೊ, ಕ್ಲಿಫರ್ಡ್ ಸ್ಟಿಲ್ ಮೊದಲಾದವರು ದೈತ್ಯ ಗಾತ್ರದ ಅಮೂರ್ತ ಚಿತ್ರಗಳನ್ನು ಬರೆದರು. ಚಿತ್ರವೆಂದರೆ ಕಲಾವಿದನ ಅಂತರಂಗ, ಹೊರಗಿನ ಲೋಕಕ್ಕೆ ಅದು ಉತ್ತರ ಕೊಡಬೇಕಿಲ್ಲ ಎಂಬ ನಿಲುವು ಆ ಕಾಲದಲ್ಲಿ ಬಲವಾಯಿತು. ಅದೇ ಕಾಲದಲ್ಲಿ, 1955ರಲ್ಲಿ, ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಕೊಂದು ನದಿಗೆ ಎಸೆಯಲಾಯಿತು. ಒಳಮುಖವಾಗುವ ಅನುಕೂಲ ಎಲ್ಲರಿಗೂ ಒಂದೇ ಸಮನಾಗಿ ಇರಲಿಲ್ಲ. ಬ್ರಾಡ್‌ಫರ್ಡ್ ಆ ಕಲಾವಿದರ ಗಾತ್ರವನ್ನೂ ಮೇಲ್ಮೈಯ ವೈಭವವನ್ನೂ ಪ್ರೀತಿಯಿಂದಲೇ ತೆಗೆದುಕೊಂಡರು. ಅವರ ಚಿತ್ರಗಳನ್ನು ಸ್ಟಿಲ್ ಅವರ ಚಿತ್ರಗಳ ಜೊತೆಗಿಟ್ಟು ತೋರಿಸಿದ ಪ್ರದರ್ಶನವೂ 2016ರಲ್ಲಿ ನಡೆಯಿತು. ಆದರೆ ಅಮೂರ್ತತೆಯ ಒಳಕ್ಕೆ ಬೀದಿಯನ್ನು, ಕಾನೂನನ್ನು, ಬಾಡಿಗೆಯನ್ನು, ರೋಗವನ್ನು ಎಳೆದು ತಂದು ಅದಕ್ಕೆ 'ಸಾಮಾಜಿಕ ಅಮೂರ್ತತೆ' ಎಂಬ ಹೆಸರು ಕೊಟ್ಟರು. ಕಪ್ಪು ಕಲಾವಿದನೆಂದರೆ ಕಪ್ಪು ಜನರ ಮುಖಗಳನ್ನೇ ಬರೆಯಬೇಕೆಂಬ ನಿರೀಕ್ಷೆಯಿಂದಲೂ ಅದು ಅವರನ್ನು ಬಿಡಿಸಿತು.

ಈಗ ಒಂದೆರಡು ಚಿತ್ರಗಳ ಮುಂದೆ ನಿಲ್ಲೋಣ. ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ 'ಲೋಸ್ ಮೋಸ್ಕೋಸ್' 2004ರದು. ಎತ್ತರ ಮೂರು ಮೀಟರಿಗೂ ಹೆಚ್ಚು, ಅಗಲ ಐದು ಮೀಟರಿಗೆ ಸಮೀಪ. ದೂರ ನಿಂತರೆ ರಾತ್ರಿ ವಿಮಾನದ ಕಿಟಕಿಯಿಂದ ಕಂಡ ನಗರ: ಕಪ್ಪು ಹಿನ್ನೆಲೆಯಲ್ಲಿ ಒತ್ತೊತ್ತಾಗಿ ಕಿಕ್ಕಿರಿದ ಬಣ್ಣದ ಚೂರುಗಳು, ಎಲ್ಲೋ ದಟ್ಟ, ಎಲ್ಲೋ ವಿರಳ. ಹತ್ತಿರ ಬಂದರೆ ವಿಮಾನ ಇಳಿದಂತಾಗಿ ಅವೆಲ್ಲ ಕಾಗದವಾಗುತ್ತವೆ. ಸ್ಟುಡಿಯೋದ ಸುತ್ತಮುತ್ತ ಸಿಕ್ಕ ಮುದ್ರಿತ ಕಾಗದದ ಚೂರುಗಳು ಅವು. ಶೀರ್ಷಿಕೆ ಸ್ಪ್ಯಾನಿಷ್ ಭಾಷೆಯದು, 'ನೊಣಗಳು' ಎಂದು ಅದರ ಅರ್ಥ. ರಸ್ತೆಬದಿಯಲ್ಲಿ ದಿನಗೂಲಿಗಾಗಿ ಕಾದು ನಿಲ್ಲುವ ವಲಸೆ ಕಾರ್ಮಿಕರನ್ನು ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಹೀಯಾಳಿಸಿ ಕರೆಯುವುದುಂಟು. ಅಷ್ಟು ತಿಳಿದ ಮೇಲೆ ಚಿತ್ರದ ಕಿಕ್ಕಿರಿತ ಬೇರೆಯಾಗಿ ಕಾಣುತ್ತದೆ. ದೂರದಿಂದ ಬರೀ ಚುಕ್ಕೆಗಳಾಗಿದ್ದವು ಹತ್ತಿರದಲ್ಲಿ ಒಂದೊಂದೂ ತನ್ನದೇ ಬಣ್ಣ, ತನ್ನದೇ ಹರಕು ಅಂಚು ಇರುವ ಬಿಡಿ ತುಂಡುಗಳಾಗುತ್ತವೆ. ಜನರನ್ನು ನೊಣವೆಂದು ಕರೆಯುವ ಬಾಯಿ ನಿಂತಿರುವುದು ಎಷ್ಟು ದೂರದಲ್ಲಿ ಎಂಬುದನ್ನು ಚಿತ್ರ ನಮ್ಮ ಕಾಲಿನ ನಡಿಗೆಯಿಂದಲೇ ಅಳೆಸುತ್ತದೆ.

ನಕ್ಷೆಯನ್ನು ಅಡಿಗಿಟ್ಟು ಮಾಡಿದ ಚಿತ್ರಗಳಲ್ಲಿ ಚೌಕುಳಿಯ ಅರ್ಥ ಇನ್ನೂ ಗಂಭೀರವಾಗುತ್ತದೆ. ಮೊಂಡ್ರಿಯನ್ನರಿಗೆ ಬೀದಿಯ ಚೌಕುಳಿ ಸಂತೋಷದ ವಸ್ತುವಾಗಿತ್ತು. ಅಮೆರಿಕದ ಕಪ್ಪು ಬಡಾವಣೆಗಳ ಮಟ್ಟಿಗೆ ನಕ್ಷೆಯ ಗೆರೆ ಅಷ್ಟು ನಿರಪಾಯದ್ದಲ್ಲ. 1933ರಲ್ಲಿ ಹುಟ್ಟಿದ ಸರ್ಕಾರಿ ಗೃಹಸಾಲ ಸಂಸ್ಥೆಯೊಂದು ನಗರಗಳ ನಕ್ಷೆಗಳನ್ನು ನಾಲ್ಕು ಬಣ್ಣಗಳಲ್ಲಿ ವಿಂಗಡಿಸಿ, ಕಪ್ಪು ಜನರಿದ್ದ ಪ್ರದೇಶಗಳನ್ನು ಸಾಲಕ್ಕೆ ಅಪಾಯವೆಂದು ಕೆಂಪಿನಲ್ಲಿ ಗುರುತಿಸಿತು. ಮುಂದೆ 1960ರ ದಶಕದ ಆರಂಭದಲ್ಲಿ ಸಾಂಟಾ ಮೋನಿಕಾ ಫ್ರೀವೇ ಎಂಬ ಹೆದ್ದಾರಿ ಲಾಸ್ ಏಂಜಲೀಸ್‌ನ ಅನುಕೂಲಸ್ಥ ಕಪ್ಪು ಕುಟುಂಬಗಳ ಶುಗರ್ ಹಿಲ್ ಬಡಾವಣೆಯನ್ನು ನಡುವೆ ಸೀಳಿಕೊಂಡು ಹೋಯಿತು. ಕಚೇರಿಯಲ್ಲಿ ಯಾರೋ ಎಳೆದ ಗೆರೆಯ ಅಡಿಯಲ್ಲಿ ಮನೆಗಳಿರುತ್ತವೆ. ಈ ಹಿನ್ನೆಲೆಯಲ್ಲಿ ನೋಡಿದಾಗ, ಹುರಿಯನ್ನು ಜಗ್ಗಿ ಪದರಗಳನ್ನು ಸೀಳುವ ಆ ಕ್ರಿಯೆ ಬರಿಯ ತಂತ್ರವಾಗಿ ಉಳಿಯುವುದಿಲ್ಲ.

'ಸ್ಕಾರ್ಚ್ಡ್ ಅರ್ಥ್' (ಸುಟ್ಟ ನೆಲ) ಎಂಬ 2006ರ ಚಿತ್ರ ಓಕ್ಲಹೋಮದ ಟಲ್ಸಾ ನಗರದ ನೆನಪಿನದು. 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಅಲ್ಲಿನ ಗ್ರೀನ್‌ವುಡ್ ಎಂಬ ಏಳಿಗೆ ಹೊಂದಿದ್ದ ಕಪ್ಪು ವಸತಿಯ 35 ಬ್ಲಾಕುಗಳನ್ನು ಸುಟ್ಟುಹಾಕಿತು. ಎಂಡ್ ಪೇಪರಿನ ಅಂಚು ಸುಟ್ಟ ಕೈಗೆ ಸುಟ್ಟ ಊರಿನ ಚಿತ್ರ ಬಂದದ್ದು ಹೀಗೆ. 2018ರ 'ಡೀಪ್ ಬ್ಲೂ' ತವರಿನದೇ ಕತೆ. 12 ಅಡಿ ಎತ್ತರ, 50 ಅಡಿ ಅಗಲದ ಆ ಚಿತ್ರದ ಅಡಿಯಲ್ಲಿರುವುದು ಲಾಸ್ ಏಂಜಲೀಸ್‌ನ ವಾಟ್ಸ್ ಪ್ರದೇಶದ ನಕ್ಷೆ. 1965ರ ಆಗಸ್ಟ್ 11ರಂದು ಪೊಲೀಸರ ಜೊತೆಗಿನ ಘರ್ಷಣೆಯಿಂದ ಅಲ್ಲಿ ಹೊತ್ತಿದ ಕಿಚ್ಚು ಆರು ದಿನ ಉರಿಯಿತು. 34 ಜನ ಸತ್ತರು. ಹಾನಿಗೊಂಡ ಆಸ್ತಿಗಳ ಜಾಗದಲ್ಲಿ ಬಣ್ಣದ ಗುಂಡುಗಳು ಕೂತಿವೆ. 50 ಅಡಿ ಅಗಲವೆಂದರೆ ಒಂದೇ ನೋಟಕ್ಕೆ ಸಿಗುವುದಿಲ್ಲ, ಅದರುದ್ದಕ್ಕೂ ನಡೆಯಬೇಕು. ನಕ್ಷೆಯ ಪಕ್ಕ ನಡೆಯುವಾಗ ನೋಡುವವರ ಮೈಗೆ ಬೀದಿಯ ಉದ್ದ ತಿಳಿಯುತ್ತದೆ. ಪುಸ್ತಕದ ಪುಟದಲ್ಲಿ ಅಚ್ಚಾದ ಪ್ರತಿಯಲ್ಲಿ ಇದು ಸಂಪೂರ್ಣವಾಗಿ ಕಳೆದುಹೋಗುತ್ತದೆ. ಬ್ರಾಡ್‌ಫರ್ಡ್ ಅವರ ಚಿತ್ರಗಳನ್ನು ಪರದೆಯ ಮೇಲೆ ಮಾತ್ರ ಕಂಡವರಿಗೆ ಅವು ಬರೀ ಚೆಂದದ ವಿನ್ಯಾಸವಾಗಿ ತೋರುವುದಕ್ಕೆ ಇದೇ ಕಾರಣ.

ಇಲ್ಲಿ ಆಕ್ಷೇಪವೊಂದಕ್ಕೆ ಉತ್ತರ ಹೇಳಲೇಬೇಕು. ಶೀರ್ಷಿಕೆಯನ್ನೂ ಗೋಡೆಯ ಟಿಪ್ಪಣಿಯನ್ನೂ ಓದದಿದ್ದರೆ ಟಲ್ಸಾ ಯಾವುದು, ವಾಟ್ಸ್ ಯಾವುದು ಎಂದು ಹೇಗೆ ತಿಳಿಯಬೇಕು? ತಿಳಿಯುವುದಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಆದರೆ ಅದರಿಂದ ಚಿತ್ರ ಮೂಕವಾಗುತ್ತದೆಂದು ನಾನು ಒಪ್ಪಲಾರೆ. ಕನ್ನಡದಲ್ಲಿ ಕಲೆ ಎಂಬ ಪದಕ್ಕೆ ಎರಡು ಅರ್ಥ. ಚಿತ್ರ, ಸಂಗೀತಗಳೂ ಕಲೆ, ಗಾಯ ಮಾಗಿ ಮೈಮೇಲೆ ಉಳಿಯುವುದೂ ಕಲೆ. ಬ್ರಾಡ್‌ಫರ್ಡ್ ಅವರ ಚಿತ್ರಗಳ ಮುಂದೆ ಎರಡನೆಯ ಅರ್ಥವೇ ಮೊದಲು ಎದುರಾಗುತ್ತದೆ. ಮೈಮೇಲಿನ ಕಲೆಯನ್ನು ಕಂಡವರಿಗೆ ಇಲ್ಲಿ ಏನೋ ಪೆಟ್ಟಾಗಿತ್ತು, ಆಳವಾಗಿತ್ತು, ಆಮೇಲೆ ಹೇಗೋ ಕೂಡಿಕೊಂಡಿತು ಎಂಬಷ್ಟು ಹೇಳದೆಯೇ ತಿಳಿಯುತ್ತದೆ. ಎಂದು, ಯಾರಿಂದ ಎಂಬುದನ್ನು ಕೇಳಿ ತಿಳಿಯಬೇಕು. ಚಿತ್ರದ ಮೇಲ್ಮೈ ಮೊದಲನೆಯದನ್ನು ತಾನೇ ಹೇಳುತ್ತದೆ, ಶೀರ್ಷಿಕೆ ಎರಡನೆಯದನ್ನು ಕೂಡಿಸುತ್ತದೆ. ಎರಡೂ ಸರಿಯಾಗಿ ಬೆಸೆದ ಕಡೆ, 'ಲೋಸ್ ಮೋಸ್ಕೋಸ್'ನಲ್ಲಿ ಹಾಗೆ, ಚಿತ್ರ ದೊಡ್ಡದಾಗುತ್ತದೆ. ಶೀರ್ಷಿಕೆ ಹೊತ್ತ ಭಾರವನ್ನು ಮೇಲ್ಮೈ ಹೊರದ ಚಿತ್ರಗಳೂ ಅವರಲ್ಲಿ ಇಲ್ಲದಿಲ್ಲ. ಗಾತ್ರ ಹೆಚ್ಚಿದ ಮಾತ್ರಕ್ಕೆ ಗಾಯದ ಆಳ ಹೆಚ್ಚುವುದಿಲ್ಲ.

ಇನ್ನೊಂದು ಪ್ರಶ್ನೆ ಹಣದ್ದು. 2007ರ 'ಹೆಲ್ಟರ್ ಸ್ಕೆಲ್ಟರ್ 1' ಎಂಬ ಚಿತ್ರ 2018ರ ಮಾರ್ಚಿನಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.2 ಕೋಟಿ ಡಾಲರಿಗೆ ಮಾರಾಟವಾಯಿತು. ಸಾಲದಲ್ಲಿ ಮನೆ ಕಳೆದುಕೊಳ್ಳುವವರಿಗಾಗಿ ಅಚ್ಚಾದ ಕಾಗದದ ಜಾತಿಯೇ ಸಿರಿವಂತರ ಗೋಡೆ ಸೇರುವುದು ಮನಸ್ಸಿಗೆ ಹಿತವಾದ ಸಂಗತಿಯಲ್ಲ, ಮತ್ತು ಈ ಇರಿಸುಮುರಿಸನ್ನು ಮರೆಮಾಚುವುದರಿಂದ ಪ್ರಯೋಜನವೂ ಇಲ್ಲ. ಬ್ರಾಡ್‌ಫರ್ಡ್ ಅದಕ್ಕೆ ಕೊಟ್ಟ ಉತ್ತರ ಚಿತ್ರದ ಹೊರಗಿನದು. ಸಂಗಾತಿ ಆಲನ್ ಡಿಕಾಸ್ಟ್ರೊ ಮತ್ತು ಕಲಾಸಂಗ್ರಾಹಕಿ ಐಲೀನ್ ಹ್ಯಾರಿಸ್ ನಾರ್ಟನ್ ಅವರೊಡನೆ ಕೂಡಿ 2014ರಲ್ಲಿ ಲೈಮರ್ಟ್ ಪಾರ್ಕಿನಲ್ಲಿಯೇ 'ಆರ್ಟ್ + ಪ್ರಾಕ್ಟಿಸ್' ಎಂಬ ಸಂಸ್ಥೆಯನ್ನು ತೆರೆದರು. ಅಲ್ಲಿ ಪ್ರದರ್ಶನ ನೋಡಲು ಹಣ ಕೊಡಬೇಕಿಲ್ಲ. ಹೆತ್ತವರ ಆಸರೆಯಿಲ್ಲದೆ ಸರ್ಕಾರಿ ಪಾಲನೆಯಲ್ಲಿ ಬೆಳೆದು ಹೊರಬಂದ ಯುವಕ ಯುವತಿಯರಿಗೆ ನೆಲೆ ಮತ್ತು ಕೆಲಸ ಹುಡುಕಿಕೊಳ್ಳಲು ನೆರವು ಸಿಗುತ್ತದೆ. ವೆನಿಸ್ಸಿಗೆ ಹೋದಾಗಲೂ ಅಲ್ಲಿನ ಜೈಲಿನ ಬಂದಿಗಳ ಕೈಕೆಲಸವನ್ನು ಮಾರುವ ಸಹಕಾರ ಸಂಘವೊಂದರ ಜೊತೆ ಆರು ವರ್ಷಗಳ ಒಪ್ಪಂದ ಮಾಡಿಕೊಂಡರು. ಬಿಯೆನಾಲೆಯ ಅಮೆರಿಕದ ಮಂಟಪದಲ್ಲಿ ಎಂಡ್ ಪೇಪರ್ ಅಂಟಿಸಿದ ಮೂರು ಹೊಸ ಚಿತ್ರಗಳೂ ಇದ್ದವು. ಹಾಡಿ ನಾವಿಕರನ್ನು ಸೆಳೆಯುವ, ಗ್ರೀಕ್ ಪುರಾಣದ ಸೈರನ್‌ಗಳ ಹೆಸರು ಹೊತ್ತಿದ್ದ ಅವುಗಳಲ್ಲಿ, ಹದಿನೇಳು ವರ್ಷದ ಹಿಂದಿನ ಆ ಚಿಕ್ಕ ಆಯತಗಳು ಮತ್ತೆ ಸಾಲುಗಟ್ಟಿದವು.

ಕೊನೆಯದಾಗಿ, ಕ್ಯಾನ್ವಾಸೇ ಇಲ್ಲದ ಒಂದು ಕೃತಿ. ಲಾಸ್ ಏಂಜಲೀಸ್‌ನ ಹ್ಯಾಮರ್ ಮ್ಯೂಸಿಯಂನ ಲಾಬಿಯ ದೊಡ್ಡ ಗೋಡೆಗೆ ಒಬ್ಬರಾದ ಮೇಲೊಬ್ಬರು ಕಲಾವಿದರು ಬಂದು ಚಿತ್ರ ಬರೆಯುವ ರೂಢಿಯಿದೆ. ಪ್ರತಿ ಸಲವೂ ಹಳೆಯದರ ಮೇಲೆ ಬಣ್ಣ ಬಳಿದು ಹೊಸದಕ್ಕೆ ಜಾಗ ಮಾಡುತ್ತಾರೆ. 2015ರಲ್ಲಿ ಸರದಿ ಬಂದಾಗ ಬ್ರಾಡ್‌ಫರ್ಡ್ ಗೋಡೆಗೆ ಏನನ್ನೂ ಹಚ್ಚಲಿಲ್ಲ. ವರ್ಷವರ್ಷಗಳ ಬಣ್ಣದ ಪದರಗಳನ್ನು ಕೆತ್ತಿ, ಕೆರೆದು ಅಮೆರಿಕ ದೇಶದ ನಕ್ಷೆಯನ್ನು ತೆಗೆದರು. ಒಂದೊಂದು ರಾಜ್ಯದೊಳಗೆ ಒಂದೊಂದು ಅಂಕಿ: 2009ರ ಕೊನೆಗೆ ಅಲ್ಲಿ ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಏಡ್ಸ್ ಇರುವುದು ಪತ್ತೆಯಾಗಿತ್ತು ಎಂಬುದರ ಲೆಕ್ಕ. ಅಡಿಯ ಪದರಗಳಲ್ಲೊಂದು ಬ್ಯಾರಿ ಮೆಕ್‌ಗೀ ಎಂಬ ಕಲಾವಿದ ಹಿಂದೆಂದೋ ಬರೆದಿದ್ದ ಚಿತ್ರವಾದ್ದರಿಂದ ಈ ಕೃತಿಗೆ 'ಫೈಂಡಿಂಗ್ ಬ್ಯಾರಿ' (ಬ್ಯಾರಿಯನ್ನು ಹುಡುಕುತ್ತಾ) ಎಂದು ಹೆಸರಾಯಿತು. ಇಪ್ಪತ್ತರ ಹರೆಯದಲ್ಲಿ ಆ ರೋಗಕ್ಕೆ ತನ್ನವರು ಬಲಿಯಾಗುವುದನ್ನು ಕಂಡಿದ್ದ ಮನುಷ್ಯ, ಐವತ್ತು ದಾಟಿದ ಮೇಲೆ ಗೋಡೆಯಲ್ಲಿ ಆ ಅಂಕಿಗಳನ್ನು ಕೊರೆದರು. ಅಂಕಿಯ ಅಂಚುಗಳಲ್ಲಿ ಇಣುಕುತ್ತಿದ್ದ ಬಣ್ಣಗಳಲ್ಲಿ ಒಂದೂ ಅವರು ಹಚ್ಚಿದ್ದಾಗಿರಲಿಲ್ಲ.